ರುಸ್ಕಾ ಬರೆದಿಟ್ಟ ಇಪ್ಪತ್ತೈದು ಅಕ್ಷರ

ಜಹಾರಿಗೆ ಜನರ ಪರಿಚಯ ಕಾಲಿನಿಂದ ಶುರುವಾಗುತ್ತಿತ್ತು. ಬಲ್ಗೇರಿಯಾದ ಸೋಫಿಯಾದಲ್ಲಿ ಟ್ರಾಮ್ ಓಡಾಡುವ ಬೀದಿಯೊಂದರಲ್ಲಿ ಅವನ ಕಂಪ್ಯೂಟರ್ ರಿಪೇರಿ ಅಂಗಡಿ ಇದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿ ಮಾತ್ರ ಫುಟ್‌ಪಾತಿನ ಮಟ್ಟಕ್ಕಿತ್ತು. ಗಿರಾಕಿ ಮಂಡಿಯೂರಿದರೇ ವ್ಯಾಪಾರ. ಮೊಣಕಾಲಂಗಡಿ ಎಂದೇ ನಾವೆಲ್ಲ ಕರೆಯುವುದು. ಮಂತ್ರಿ ಬಂದರೂ ನನ್ನೆದುರು ಮಂಡಿಯೂರಲೇಬೇಕು ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. ಯಾವ ಮಂತ್ರಿಯೂ ಬಂದಿರಲಿಲ್ಲ ಅನ್ನುವುದು ಬೇರೆ ಮಾತು. ಪಕ್ಕದ ಕುರ್ಚಿಯಲ್ಲಿ ಕೂತು ಫೋನು, ರಸೀದಿ, ನೋಟ್‌ಬುಕ್ಕು ನೋಡಿಕೊಳ್ಳುತ್ತಿದ್ದವಳು ಹೆಂಡತಿ ರುಸ್ಕಾ. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಈಗ ಆ ಕುರ್ಚಿಯ ಮೇಲೆ ಕೆಟ್ಟ ಕೀಬೋರ್ಡುಗಳ ರಾಶಿ.

ಆ ಶುಕ್ರವಾರ ಹನ್ನೆರಡು ಗಂಟೆಗೆ ಕಿಟಕಿಯ ಮುಂದೆ ಬಂದು ನಿಂತದ್ದು ದಪ್ಪ ರಬ್ಬರ್ ಅಟ್ಟೆಯ ಕಪ್ಪು ಬೂಟು. ರೈಲ್ವೆಯವರದು ಎಂದು ನೋಡಿದ ಕೂಡಲೇ ಗೊತ್ತಾಯಿತು. ಬೂಟಿನೊಡತಿ ಪೆನ್ಕಾ, ಊರಾಚೆಯ ರೈಲ್ವೆ ಗೇಟಿನಲ್ಲಿ ಹತ್ತೊಂಬತ್ತು ವರ್ಷದಿಂದ ಗೇಟು ಹಾಕಿ ತೆಗೆಯುವವಳು. ಮೂಲೆಯ ಕಿವಿ ಕ್ಲಿನಿಕ್ಕಿನ ಕಂಪ್ಯೂಟರನ್ನು ತಾನೇ ಎದೆಗವಚಿಕೊಂಡು ತಂದಿದ್ದಳು.

ಅವಳ ಕಿವಿ ಮಂದವಾಗಿತ್ತು. ಹೊಸ ಶ್ರವಣಯಂತ್ರ ಕೊಂಡಿದ್ದಳು. ಆದರೆ ಅದನ್ನು ಅವಳ ಕಿವಿಗೆ ಹೊಂದಿಸಬೇಕಾದ ಕಂಪ್ಯೂಟರೇ ಬೆಳಿಗ್ಗೆ ಕೈಕೊಟ್ಟಿತ್ತು. ಯಂತ್ರ ಹಾಕಿಕೊಂಡರೆ ಕೇಳಿಸುತ್ತದೆ ಎಂದು ಡಾಕ್ಟರು ಬರೆದುಕೊಡಬೇಕಾದ ಕಾಗದ ಸಂಜೆ ನಾಲ್ಕರೊಳಗೆ ರೈಲ್ವೆ ಆಫೀಸು ಸೇರಬೇಕು. ಇಲ್ಲದಿದ್ದರೆ ಸೋಮವಾರದಿಂದ ಗೇಟಿಗೆ ಬೇರೆಯವರು. ಉಳಿದ ಕ್ಲಿನಿಕ್ಕುಗಳಲ್ಲಿ ಮುಂದಿನ ತಿಂಗಳವರೆಗೆ ಸರದಿ ಸಿಗುವುದಿಲ್ಲ. ಇಷ್ಟನ್ನೂ ಹೇಳಿ ಪೆನ್ಕಾ ಫುಟ್‌ಪಾತಿನಲ್ಲೇ ಮಂಡಿಯೂರಿ ಕೂತಳು. ತುಟಿ ಕಾಣದಿದ್ದರೆ ಅವಳಿಗೆ ಮಾತು ತಿಳಿಯುತ್ತಿರಲಿಲ್ಲ.

"ಮೂರು ಗಂಟೆಗೆ ಕ್ಲಿನಿಕ್ಕಲ್ಲಿರುತ್ತೆ, ಹೋಗಮ್ಮ," ಎಂದ ಜಹಾರಿ. ಅವಳು ಹೋಗಲಿಲ್ಲ.

ಸತ್ತ ಡಿಸ್ಕು ತೆಗೆದು ಹೊಸದು ಕೂರಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಹಳೆಯ ಸಿ.ಡಿ. ಹಾಕಿ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಮಾಡತೊಡಗಿದ. ಅರ್ಧ ದಾರಿಗೆ ಬಂದ ಮೇಲೆ ಅದು ಇಪ್ಪತ್ತೈದು ಅಕ್ಷರದ ಕೀ ಕೇಳಿತು. ಕೀ ಕೊಡದೆ ಒಂದು ಹೆಜ್ಜೆ ಮುಂದಿಡುವ ಪೈಕಿಯಲ್ಲ. ಕಂಪ್ಯೂಟರ್ ಪೆಟ್ಟಿಗೆಯ ಮೇಲಿನ ಸ್ಟಿಕ್ಕರಿನಲ್ಲಿ ಅದು ಇತ್ತು ನಿಜ. ಕ್ಲಿನಿಕ್ಕಿನವರು ಹನ್ನೊಂದು ವರ್ಷ ದಿನಾ ಸ್ಪಿರಿಟ್ಟಿನಲ್ಲಿ ಒರೆಸಿ ಒರೆಸಿ ಈಗ ಬರೀ ಬಿಳಿ ಚೀಟಿ ಉಳಿದಿತ್ತು. ಆದರೂ ಜಹಾರಿ ಗಾಬರಿಯಾಗಲಿಲ್ಲ. ರುಸ್ಕಾಳ ನೋಟ್‌ಬುಕ್ಕಿನಲ್ಲಿ ಇದ್ದೇ ಇತ್ತು, ಅವಳ ದುಂಡನೆಯ ಅಕ್ಷರದಲ್ಲಿ.

ಕೀ ಹೊಡೆದ. ತಪ್ಪು ಎಂದಿತು. ಬೆರಳು ಜಾರಿರಬೇಕು ಎಂದು ಮತ್ತೆ ಹೊಡೆದ. ತಪ್ಪು. ಎಂಟರ ಜಾಗಕ್ಕೆ ಬಿ, ಬಿ ಜಾಗಕ್ಕೆ ಎಂಟು ಹಾಕಿ ನೋಡಿದ. ಒಂದು ಗಂಟೆಯಾಯಿತು, ಒಂದೂವರೆಯಾಯಿತು. ಮೇಲೆ ಪೆನ್ಕಾ ಅವನ ಮುಖವನ್ನೇ ನೋಡುತ್ತಿದ್ದಳು. ಆ ಮುಖದಲ್ಲಿ ಓದಬೇಕಾದದ್ದನ್ನೆಲ್ಲ ಓದಿಯೂ ಆಗಿತ್ತು. ಎರಡಾಯಿತು. ಜಹಾರಿಗೆ ಅಳು ಬರುವಂತಾಯಿತು, ಬಂದದ್ದು ಸಿಟ್ಟು.

"ಒಂದಿನ ಆದ್ರೂ ಸರಿಯಾಗಿ ಕೇಳಿಸ್ಕೊಂಡಿದ್ರೆ ತಾನೇ! ನಾನು ಹೇಳೋದೊಂದು, ಇವಳು ಬರೆಯೋದೊಂದು," ಎಂದು ನೋಟ್‌ಬುಕ್ಕನ್ನು ಕಿಟಕಿಯ ಕಟ್ಟೆಗೆ ಕುಕ್ಕಿದ. ಸತ್ತವಳ ಮೇಲೆ ರೇಗಿದೆನಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತು.

ಪೆನ್ಕಾ ನೋಟ್‌ಬುಕ್ಕು ಎತ್ತಿಕೊಂಡಳು. ಮಂದ ಕಿವಿಯವರ ಹಾಗೆ ಗಟ್ಟಿ ದನಿಯಲ್ಲಿ, ಬೀದಿಗೆಲ್ಲ ಕೇಳುವಂತೆ ಓದಿದಳು. "ವೆ, ಕ, ಮೂರು, ರೆ, ಹ, ಮ..."

"ಅದು ವೆ ಅಲ್ಲಮ್ಮ, ಬಿ. ಇಂಗ್ಲಿಷು."

"ನಂಗೆ ಇಂಗ್ಲಿಷ್ ಬರಲ್ಲ ಜಹಾರಣ್ಣ. ಇಲ್ಲಿ ಬರೆದಿರೋದು ವೆ."

ಜಹಾರಿಯ ಕೈ ಕೀಬೋರ್ಡಿನ ಮೇಲೇ ನಿಂತುಬಿಟ್ಟಿತು. ಹನ್ನೊಂದು ವರ್ಷದ ಹಿಂದೆ ಕ್ಲಿನಿಕ್ಕಿನಲ್ಲಿ ನಿಂತು, ಸ್ಟಿಕ್ಕರ್ ನೋಡುತ್ತ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿದ್ದು ತಾನೇ. ಸ್ಟಿಕ್ಕರಿನ ವಿ, ಆರ್, ಎಚ್‌ಗಳನ್ನು ಹೇಳಿದ್ದು ನಮ್ಮ ಬಲ್ಗೇರಿಯನ್ ಮಾತಿನಲ್ಲಿ: ವೆ, ರೆ, ಹ. ಅವಳು ಬರೆದುಕೊಂಡದ್ದು ನಮ್ಮ ಲಿಪಿಯಲ್ಲಿ. ನಮ್ಮ 'ವೆ' ನೋಡಲು ಇಂಗ್ಲಿಷಿನ ಬಿ ಥರವೇ, 'ರೆ' ಪಿ ಥರ, 'ಹ' ಎಕ್ಸ್ ಥರ. ಈ ಕೀಯಲ್ಲಿದ್ದ ಉಳಿದ ಅಕ್ಷರಗಳು ಎರಡರಲ್ಲೂ ಒಂದೇ. ರುಸ್ಕಾ ಒಂದಕ್ಷರವನ್ನೂ ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ. ಅವಳು ಬರೆದದ್ದನ್ನು ಅವಳ ಹಾಗೆ ಓದುವುದು ಇವನಿಗೆ ಹೊಳೆದಿರಲಿಲ್ಲ, ಅಷ್ಟೆ.

"ಓದು. ಮೊದಲಿಂದ ಓದು," ಎಂದ. ಪೆನ್ಕಾ ಓದಿದಳು. ವೆ ಎಂದಲ್ಲಿ ವಿ, ರೆ ಎಂದಲ್ಲಿ ಆರ್, ಹ ಎಂದಲ್ಲಿ ಎಚ್ ಹೊಡೆದ. ಪುಟ ಮುಂದಕ್ಕೆ ಹೋಯಿತು.

ಇನ್‌ಸ್ಟಾಲ್ ಮುಗಿಯುವ ಹೊತ್ತಿಗೆ ಎರಡೂ ಮುಕ್ಕಾಲು. ಇನ್ನು ಆಕ್ಟಿವೇಟ್ ಮಾಡಬೇಕು. ಅದಾಗದೆ ಶ್ರವಣಯಂತ್ರ ಹೊಂದಿಸುವ ಕಿವಿಯ ಪ್ರೋಗ್ರಾಮು ತೆರೆಯುತ್ತಿರಲಿಲ್ಲ. ಡಿಸ್ಕು ಬದಲಾದದ್ದು ಗೊತ್ತಾಗಿ ಅದು ಫೋನ್ ಮಾಡು ಎಂದಿತು. ಫೋನಿನಲ್ಲಿ ಯಾವಳೋ ಯಂತ್ರದ ಹೆಂಗಸು. ಇವನು ಉದ್ದನೆಯ ಸಂಖ್ಯೆ ಒತ್ತಬೇಕು, ಆಮೇಲೆ ಅವಳು ಅಷ್ಟೇ ಉದ್ದದ್ದು ಹೇಳುತ್ತಾಳೆ. ಒಂದು ಅಂಕಿ ತಪ್ಪಿದರೂ ಮತ್ತೆ ಮೊದಲಿನಿಂದ. ನಡುವೆ ಟ್ರಾಮ್ ಗಡಗಡ ಎಂದು ಹೋಗಿ ನಾಲ್ಕು ಅಂಕಿ ನುಂಗಿತು. ಜಹಾರಿ ಹಲ್ಲು ಕಚ್ಚಿ ಇನ್ನೊಂದು ಸಲ ಒತ್ತಿದ. ಮೂರೂ ಹತ್ತಕ್ಕೆ ಆಯಿತು. ಪೆಟ್ಟಿಗೆ ಹೊತ್ತು ಇಬ್ಬರೂ ಓಡಿದರು. ಅರವತ್ತೊಂದು ವರ್ಷದ ಅವನಿಗೆ ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಉಸಿರೇ ಸಿಗಲಿಲ್ಲ. ಅಲ್ಲಿಯ ಸಿ.ಡಿ.ಯಿಂದ ಕಿವಿಯ ಪ್ರೋಗ್ರಾಮು ಹಾಕಿ, ಅದು ತೆರೆದದ್ದನ್ನು ಕಣ್ಣಾರೆ ನೋಡಿ ಅವನು ಹಿಂದಿರುಗಿದ.

ಅಂಗಡಿಯಲ್ಲಿ ಕೆಲಸ ಹಿಡಿಸಲಿಲ್ಲ. ನಾಲ್ಕು ಹೊಡೆಯಿತು, ನಾಲ್ಕೂವರೆಯಾಯಿತು. ಕಾಗದ ತಲುಪಿತೋ ಇಲ್ಲವೋ ಎಂದು ತಲೆ ಕೊರೆಯುತ್ತಿತ್ತು. ಕಿಟಕಿಗೆ ಬೆನ್ನು ಮಾಡಿ, ಕುರ್ಚಿಯ ಮೇಲಿನ ಕೀಬೋರ್ಡುಗಳನ್ನು ಒಂದೊಂದಾಗಿ ಕೆಳಗಿಟ್ಟ. ಖಾಲಿ ಕುರ್ಚಿಯ ಮೇಲೆ ನೋಟ್‌ಬುಕ್ಕನ್ನಿಟ್ಟು, ತನಗೇ ಕೇಳಿಸದಷ್ಟು ಮೆಲ್ಲಗೆ ಹೇಳಿದ.

"ಕಿವಿ ಕೇಳಿಸದೆ ಇದ್ದಿದ್ದು ನಂಗೆ ಕಣೆ ರುಸ್ಕಾ. ನಿಂಗಲ್ಲ."

"ಇನ್ನೂ ಸ್ವಲ್ಪ ಜೋರಾಗಿ ಹೇಳಿ ಜಹಾರಣ್ಣ, ಅವ್ರು ದೂರ ಇದಾರೆ," ಎಂದಿತು ಮೇಲಿನಿಂದ ದನಿ. "ನಂಗೇನೋ ಕೇಳಿಸ್ತು. ಕಾಗದಾನೂ ಕೊಟ್ಟಾಯ್ತು."

ಜಹಾರಿ ತಿರುಗಿ ನೋಡಿದ. ಕಿಟಕಿಯಲ್ಲಿ ಕಂಡದ್ದು ಕಪ್ಪು ಬೂಟು ಮಾತ್ರ. ಪೆನ್ಕಾ ನಿಂತೇ ಇದ್ದಳು.