ಖಾಲಿ ಜಾಗವನ್ನು ಬೆಳಗಿನ ಜಾವ ನೋಡುವ ಟೇಪಕ್ಕ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಸಗಟು ತರಕಾರಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಗೋದಾಮೊಂದರ ಪಕ್ಕದ ಬಯಲಿನ ಮೂಲೆಯಲ್ಲಿ ಮಡಚುವ ಸ್ಟೂಲ್ ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದಾರೆ. ಕುತ್ತಿಗೆಗೆ ಮಫ್ಲರ್, ತೊಡೆಯ ಮೇಲೆ ರಟ್ಟಿನ ಪುಸ್ತಕ, ಹಲ್ಲುಗಳ ನಡುವೆ ಪುಟ್ಟ ಟಾರ್ಚು. ಮಾರುಕಟ್ಟೆಯ ಹಿಂಬಾಗಿಲಿನಿಂದ ಒಂದು ತಳ್ಳುಗಾಡಿ ಬಯಲಿಗಿಳಿದರೆ ಪುಸ್ತಕದಲ್ಲಿ ಒಂದು ಗೀಟು, ಇನ್ನೊಂದು ಇಳಿದರೆ ಇನ್ನೊಂದು ಗೀಟು. ನಾಲ್ಕು ಗೀಟಾದ ಮೇಲೆ ಅಡ್ಡಕ್ಕೆ ಒಂದು. ನಿದ್ದೆಗಣ್ಣಿನಲ್ಲಿ ಬಂದು ನಿಂತ ನನ್ನನ್ನು ನೋಡಿ ಅವರು ತಲೆ ಅಲ್ಲಾಡಿಸುತ್ತಾರೆ ಅಷ್ಟೆ, ಮಾತಿಲ್ಲ. ಬಾಯಲ್ಲಿ ಟಾರ್ಚಿದೆಯಲ್ಲ.

ಬಯಲಿನಲ್ಲಿ ಮಾತ್ರ ಮಾತಿಗೆ ಬರವಿಲ್ಲ. ಗಾಡಿಯವರು ಸೊಪ್ಪಿನ ದೊಡ್ಡ ಹೊರೆಗಳನ್ನು ಬಿಚ್ಚಿ, ಕೊಳೆತದ್ದನ್ನು ಕಿತ್ತೆಸೆದು, ಡ್ರಮ್ಮಿನ ನೀರಲ್ಲಿ ಮಣ್ಣು ತೊಳೆದು, ಸಣ್ಣ ಕಟ್ಟುಗಳನ್ನು ಕಟ್ಟುತ್ತಿದ್ದಾರೆ. ಮೂಲಂಗಿಗೆ ಒಂದು ಕಡೆ, ಟೊಮೆಟೊಗೆ ಇನ್ನೊಂದು ಕಡೆ. ನಿನ್ನೆ ಯಾರ ಬೀದಿಗೆ ಯಾರು ನುಗ್ಗಿದರು ಎಂಬ ಜಗಳ ನಡುವೆ. ಆರೂವರೆಯಿಂದ ಗಾಡಿಗಳು ಒಂದೊಂದಾಗಿ ಊರಿನ ಬೀದಿಗಳಿಗೆ ಹೊರಡುತ್ತವೆ. ಕೊನೆಗೆ ಉಳಿದ ಹತ್ತಿಪ್ಪತ್ತು ಮಂದಿ ಉದ್ದನೆಯ ಪೊರಕೆ ಹಿಡಿದು ಇಡೀ ಬಯಲು ಗುಡಿಸಿ, ಕಸವನ್ನು ಗೋಣಿಗೆ ತುಂಬಿಕೊಂಡು ಹೋಗುತ್ತಾರೆ. ಏಳೂ ಮುಕ್ಕಾಲಿಗೆ ಅಲ್ಲಿ ಒಂದು ಎಲೆಯೂ ಇಲ್ಲ. ನಮ್ಮ ಮನೆಯ ಹಜಾರ ಕೂಡ ಅಷ್ಟು ಚೊಕ್ಕಟವಾಗಿರುವುದಿಲ್ಲ. ಮನೆಯವರು ನನ್ನ ಲೇಖನ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅಂದು ಗೀಟುಗಳ ಲೆಕ್ಕ ನೂರ ಹದಿನೆಂಟು. ಎಣಿಸಿದವರು ನಗರಸಭೆಯ ಯೋಜನಾ ವಿಭಾಗದ ಸ್ಥಳ ತಪಾಸಣಾ ಸಹಾಯಕಿ. ವಯಸ್ಸು ಐವತ್ತಾರು, ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ. ಹೆಗಲ ಚೀಲದಲ್ಲಿ ಸದಾ ನೂರಡಿಯ ಅಳತೆಪಟ್ಟಿ ಇರುವುದರಿಂದ ಆಫೀಸಿನ ಜವಾನರಿಂದ ಹಿಡಿದು ಬಡಾವಣೆಗಳ ಕಾವಲುಗಾರರವರೆಗೆ ಎಲ್ಲರಿಗೂ ಅವರು ಟೇಪಕ್ಕ. ಸಂಬಳದ ಪಟ್ಟಿ ಮಾಡುವ ಗುಮಾಸ್ತರೂ ಅವರ ನಿಜವಾದ ಹೆಸರಿಗೆ ಒಂದು ಕ್ಷಣ ಯೋಚಿಸಬೇಕಾಗುತ್ತದಂತೆ.

ಅವರ ಕೆಲಸವೇನು ಎಂದು ತಿಳಿಯಲು ಊರಿನ ಜಾಗಗಳ ಹಣೆಬರಹ ಹೇಗೆ ಬರೆಯಲ್ಪಡುತ್ತದೆ ಎನ್ನುವುದು ಸ್ವಲ್ಪ ಗೊತ್ತಿರಬೇಕು. ನಗರದ ನಕ್ಷೆಯಲ್ಲಿ ಒಂದೊಂದು ಜಾಗಕ್ಕೂ ಒಂದೊಂದು ಬಣ್ಣವಿದೆ. ವಾಸಕ್ಕೆ ಒಂದು, ವ್ಯಾಪಾರಕ್ಕೆ ಒಂದು, ಸಾರ್ವಜನಿಕ ಬಳಕೆಗೆ ಇನ್ನೊಂದು. ಆ ಬಣ್ಣ ಬದಲಾಗಬೇಕೆಂದು ಯಾರಾದರೂ ಅರ್ಜಿ ಹಾಕಿದರೆ ಜಾಗದಲ್ಲಿ ನೋಟಿಸು ಅಂಟಿಸುತ್ತಾರೆ. ಮೂವತ್ತು ದಿನದೊಳಗೆ ಯಾರು ಬೇಕಾದರೂ ತಕರಾರು ಬರೆದು ಕೊಡಬಹುದು. ಆಮೇಲೆ ವಿಭಾಗದಿಂದ ಒಬ್ಬರು ಹೋಗಿ ಜಾಗ ನೋಡಿ ವರದಿ ಬರೆಯುತ್ತಾರೆ. ಅರ್ಜಿ, ತಕರಾರು, ವರದಿ ಮೂರನ್ನೂ ಎದುರಿಗಿಟ್ಟುಕೊಂಡು ಏಳು ಜನರ ಸಮಿತಿ ತೀರ್ಮಾನ ಮಾಡುತ್ತದೆ. ಬಡಾವಣೆಗಳಿಗೆ ದೀಪ, ನಲ್ಲಿ, ಕಾಲುದಾರಿ ಒದಗಿಸುವ ಅಭಿವೃದ್ಧಿ ಯೋಜನೆಗಳೂ ಇದೇ ಸಮಿತಿಯ ಮುಂದೆ ಬರುತ್ತವೆ. ಸಮಿತಿಯವರು ಸಾಮಾನ್ಯವಾಗಿ ಜಾಗಕ್ಕೆ ಹೋಗುವುದಿಲ್ಲ. ಅವರ ಪಾಲಿಗೆ ಜಾಗವೆಂದರೆ ಟೇಪಕ್ಕನಂಥವರು ಬರೆದ ಒಂದೂವರೆ ಪುಟ.

ಈ ಬಯಲು ನಕ್ಷೆಯಲ್ಲಿ ಸಾರ್ವಜನಿಕ ಬಳಕೆಯದು. ಅದನ್ನು ವಾಣಿಜ್ಯಕ್ಕೆ ಬದಲಾಯಿಸಿ, ತನ್ನ ಲಾರಿಗಳು ನಿಲ್ಲಲು ಗುತ್ತಿಗೆಗೆ ಕೊಡಬೇಕೆಂದು ಪಕ್ಕದ ಗೋದಾಮಿನ ಯಜಮಾನರು ಅರ್ಜಿ ಹಾಕಿದ್ದಾರೆ. ಜೊತೆಗೆ ಆರು ಫೋಟೋ. ಆರರಲ್ಲೂ ಬಿಸಿಲಲ್ಲಿ ಬಿದ್ದುಕೊಂಡಿರುವ ಖಾಲಿ ನೆಲ. ನೋಟಿಸು ಗೋದಾಮಿನ ಮುಂದಿನ ಗೇಟಿಗೆ, ದೊಡ್ಡ ರಸ್ತೆಯ ಕಡೆಗೆ ಅಂಟಿಸಿದ್ದರು. ಹಿಂದಿನಿಂದ ಕತ್ತಲಲ್ಲಿ ಬರುವ ಗಾಡಿಯವರಲ್ಲಿ ಅದನ್ನು ಕಂಡವರೇ ಕಡಿಮೆ. ಕಂಡವರಲ್ಲಿ ಒಬ್ಬರು ಸೊಪ್ಪಿನಜ್ಜಿ, ಈ ಬಯಲಲ್ಲಿ ನಲವತ್ತು ವರ್ಷದಿಂದ ಸೊಪ್ಪು ಕಟ್ಟುತ್ತಿರುವವರು. ಮೊಮ್ಮಗಳ ಕೈಲಿ ಓದಿಸಿದರಂತೆ. ಮತ್ತೆ ಯಾಕೆ ತಕರಾರು ಕೊಡಲಿಲ್ಲ ಎಂದು ಕೇಳಿದರೆ ಅವರು ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. “ಜಾಗದ ವಿಷ್ಯ ಅಂತ ಇತ್ತು ಕಣಪ್ಪ. ಜಾಗ ಇದ್ದೋರಿಗೆ ಅಂದ್ಕೊಂಡೆ. ನಮಗೇನಿದೆ ಜಾಗ?”

ಫೈಲು ಟೇಪಕ್ಕನ ಮೇಜಿಗೆ ಬರುವ ಹೊತ್ತಿಗೆ ಆ ಮೂವತ್ತು ದಿನ ಮುಗಿದಿತ್ತು. ತಕರಾರು ಸೊನ್ನೆ. ನಾನು ಅವರ ಪಕ್ಕ ಕೂತಿದ್ದು ಮಂಗಳವಾರ. ಸಮಿತಿ ಸೇರುವುದು ಗುರುವಾರ. ಅಷ್ಟರಲ್ಲಿ ನೂರ ಹದಿನೆಂಟು ಗಾಡಿಗಳ ಪರವಾಗಿ ಫೈಲಿನೊಳಗೆ ಮಾತಾಡಲು ಉಳಿದಿರುವುದು ಟೇಪಕ್ಕನ ವರದಿಯೊಂದೇ. ಬಯಲು ಕೈತಪ್ಪಿದರೆ ಇವರೆಲ್ಲ ಎಲ್ಲಿ ಹೋಗಬೇಕು? ಮಾರುಕಟ್ಟೆಯ ಒಳಗೆ ಅಂಗೈ ಅಗಲ ಜಾಗವಿಲ್ಲ, ರಸ್ತೆಯಲ್ಲಿ ನಿಂತರೆ ಪೊಲೀಸರು ಬಿಡುವುದಿಲ್ಲ.

ನಿಯಮದ ಪ್ರಕಾರ ಒಂದು ಜಾಗಕ್ಕೆ ಒಂದು ಭೇಟಿ ಸಾಕು. ಆಫೀಸಿನ ಜೀಪು ಹೊರಡುವುದು ಹತ್ತೂವರೆಗೆ, ಊಟದ ಹೊತ್ತಿಗೆ ವಾಪಸು. ಟೇಪಕ್ಕ ಮೂರು ಸಲ ಹೋಗುತ್ತಾರೆ: ಬೆಳಗಿನ ಜಾವ ಒಮ್ಮೆ, ನಡುಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಅದರಲ್ಲಿ ಒಂದು ದಿನವಾದರೂ ಒಳ್ಳೆ ಬಿಸಿಲಿರಬೇಕು. ಮಧ್ಯಾಹ್ನಕ್ಕೆ ಮಾತ್ರ ಜೀಪು ಸಿಗುತ್ತದೆ, ಉಳಿದೆರಡಕ್ಕೆ ಬಸ್ಸು ಮತ್ತು ಕಾಲು. ತಿಂಗಳಿಗೆ ಇಪ್ಪತ್ತರಿಂದ ಇಪ್ಪತ್ತೈದು ಫೈಲು, ದಿನಕ್ಕೆ ಏಳೆಂಟು ಕಿಲೋಮೀಟರು ನಡಿಗೆ. ವರ್ಷಕ್ಕೆ ಎರಡು ಜೊತೆ ಚಪ್ಪಲಿ ಸವೆಯುತ್ತವೆ, ಮಂಡಿ ಸವೆಯುವುದು ಬೇರೆ.

ಬಿಸಿಲು ಯಾಕೆ ಎಂದು ಕೇಳುತ್ತೇನೆ. ಫ್ಲಾಸ್ಕಿನ ಚಹಾ ಬಗ್ಗಿಸಿ ಕೊಟ್ಟು, ತಾವೂ ಕುಡಿದು, ಆಮೇಲೆ ಹೇಳುತ್ತಾರೆ. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಒಂದು ಆಸ್ಪತ್ರೆಯ ಹಿಂದೆ ಖಾಲಿ ನಿವೇಶನವಿತ್ತು. ಅಲ್ಲಿಗೆ ಇವರು ಹೋದಾಗ ಜಿಟಿಜಿಟಿ ಮಳೆ. ಕೊಡೆ ಹಿಡಿದುಕೊಂಡೇ ಅಳೆದು, ನಾಲ್ಕು ಕಂಬಗಳಿವೆ, ಬೇರೇನೂ ಇಲ್ಲ, ಜಾಗ ಖಾಲಿ ಎಂದು ಬರೆದು ಕೈತೊಳೆದುಕೊಂಡರು. ಬಣ್ಣ ಬದಲಾಯಿತು, ಕಟ್ಟಡ ಎದ್ದಿತು. ಒಂದು ದಿನ ಅದೇ ದಾರಿಯಲ್ಲಿ ಒದ್ದೆ ಬಟ್ಟೆಯ ಗಂಟು ಹೊತ್ತ ಹೆಂಗಸೊಬ್ಬರು ಇವರನ್ನು ತಡೆದು ನಿಲ್ಲಿಸಿದರು. ಆ ನಾಲ್ಕು ಕಂಬಗಳಿಗೆ ಹಗ್ಗ ಕಟ್ಟಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಒಣಗಿಸುತ್ತಿದ್ದವರಲ್ಲಿ ಅವರೂ ಒಬ್ಬರು. ಈಗ ದಿನಾ ಹೆಗಲ ಮೇಲೆ ಒದ್ದೆ ಗಂಟು ಹೊತ್ತು ಮೂರು ಬೀದಿ ದಾಟಬೇಕಿತ್ತು.

“ಬೈದಿದ್ರೆ ಚೆನ್ನಾಗಿತ್ತು,” ಎನ್ನುತ್ತಾರೆ ಟೇಪಕ್ಕ. “ಬೈಲಿಲ್ಲ. ‘ನೀವು ಬಂದಿದ್ದು ಮಳೆ ದಿನ ಅಲ್ವಾ ಅಕ್ಕ, ಮಳೇಲಿ ಬಟ್ಟೆ ಯಾರು ಒಣಗಾಕ್ತಾರೆ’ ಅಂತ ನನ್ನ ಪರವಾಗೇ ಮಾತಾಡಿದ್ಲು. ಆವತ್ತು ರಾತ್ರಿ ಊಟ ಸೇರ್ಲಿಲ್ಲ ನಂಗೆ.”

ಇದನ್ನು ಹೇಳುವಾಗ ಅವರ ಕಣ್ಣು ತುಂಬುತ್ತದೆ. ಹತ್ತೊಂಬತ್ತು ವರ್ಷವಾದರೂ ಮಾಸದ ತಪ್ಪನ್ನು, ಅದೂ ಯಾರೂ ಕೇಳದಿದ್ದ ತಪ್ಪನ್ನು, ಪೇಪರಿನವನ ಎದುರು ಒಪ್ಪಿಕೊಳ್ಳುವ ಸರ್ಕಾರಿ ನೌಕರರನ್ನು ನಾನು ಇದೇ ಮೊದಲು ನೋಡಿದ್ದು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಗಳಿಗೆಯಲ್ಲೇ.

ಹಾಗೆಂದು ಎಲ್ಲರಿಗೂ ಅವರು ಅಚ್ಚುಮೆಚ್ಚು ಎಂದೇನಲ್ಲ. ವಿಭಾಗದ ಅಧಿಕಾರಿ, ಅವರಿಗಿಂತ ಇಪ್ಪತ್ತು ವರ್ಷ ಚಿಕ್ಕವರು, ಟೇಪಕ್ಕನ ಹೆಸರೆತ್ತಿದರೆ ಮೊದಲು ನಗುತ್ತಾರೆ, ಆಮೇಲೆ ತಲೆ ಚಚ್ಚಿಕೊಳ್ಳುತ್ತಾರೆ. ಬಾಕಿ ಫೈಲುಗಳ ಪಟ್ಟಿಯಲ್ಲಿ ಯಾವಾಗಲೂ ಅವರೇ ಮುಂದು. ವಿಳಂಬಕ್ಕೆ ಎರಡು ಮೆಮೊ ಬಂದಿವೆ. ಚಿಕ್ಕ ದವಾಖಾನೆ ತೆರೆಯಲು ಹೊರಟ ವೈದ್ಯರೊಬ್ಬರು ಇವರ ಮೂರು ಭೇಟಿ ಮುಗಿಯಲೆಂದು ಎರಡು ತಿಂಗಳು ಕಾದರಂತೆ. ಅದನ್ನು ಟೇಪಕ್ಕನೂ ಅಲ್ಲಗಳೆಯುವುದಿಲ್ಲ. ಆ ತಿಂಗಳು ಬಿಸಿಲೇ ಬರಲಿಲ್ಲ, ಆದರೂ ತಪ್ಪು ತನ್ನದೇ ಎನ್ನುತ್ತಾರೆ.

ಈ ಕೆಲಸ ಅವರಿಗೆ ಅಪ್ಪನಿಂದ ಬಂದದ್ದು. ಅಪ್ಪ ಇದೇ ವಿಭಾಗದಲ್ಲಿ ಅಳತೆಯ ಸರಪಳಿ ಹಿಡಿಯುತ್ತಿದ್ದವರು. ಅವರು ಕೆಲಸದಲ್ಲಿರುವಾಗಲೇ ತೀರಿಕೊಂಡಾಗ ನೌಕರಿ ಮಗಳಿಗೆ ಸಿಕ್ಕಿತು. ಹೆಂಗಸು ಟೇಪು ಹಿಡಿದುಕೊಂಡು ಬಯಲು ಸುತ್ತುವುದೇ ಎಂದು ಮೂಗು ಮುರಿದವರು ಬಂಧುಗಳಲ್ಲೇ ಇದ್ದರು. ಮೂಗು ಮುರಿಯದ ಒಬ್ಬ ದರ್ಜಿಯನ್ನು ನೋಡಿ ಅವರು ಮದುವೆಯಾದರು. ಎರಡು ಕೋಣೆಯ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಬೆಳಗಿನ ನಾಲ್ಕಕ್ಕೆ ಎದ್ದು ಫ್ಲಾಸ್ಕಿಗೆ ಚಹಾ ತುಂಬುವವರು ಆ ದರ್ಜಿ ಯಜಮಾನರೇ. “ನಮ್ಮನೇಲಿ ಇಬ್ರೂ ಟೇಪಿನೋರೇ ಸ್ವಾಮಿ. ನಾನು ಒಂದ್ಸಲ ಅಳೆದ್ರೆ ಮುಗೀತು. ಇವಳಿಗೆ ಮೂರು ಸಲ ಆಗ್ಬೇಕು. ನನ್ನ ಗಿರಾಕಿಗಳು ಇವಳ ಕೈಗೆ ಸಿಕ್ಕಿದ್ರೆ ಬರಿಮೈಲೇ ಓಡಾಡ್ಬೇಕಿತ್ತು,” ಎಂದು ಅವರು ಕತ್ತರಿ ಆಡಿಸುತ್ತಲೇ ಹೇಳುತ್ತಾರೆ. ಟೇಪಕ್ಕ ಹುಸಿಕೋಪದಿಂದ ಒಳಗೆ ಎದ್ದು ಹೋಗುತ್ತಾರೆ.

ಗುರುವಾರ ಸಮಿತಿಯ ಸಭೆ. ಉದ್ದನೆಯ ಮೇಜು, ಸುತ್ತ ಏಳು ಕುರ್ಚಿ. ಬಾಗಿಲ ಪಕ್ಕದ ಎಂಟನೆಯ ಕುರ್ಚಿ ಟೇಪಕ್ಕನದು, ಕೇಳಿದರೆ ಮಾತ್ರ ಮಾತಾಡಬೇಕು. ಹದಿನಾಲ್ಕು ಅರ್ಜಿಗಳಲ್ಲಿ ಈ ಬಯಲಿನದು ಒಂಬತ್ತನೆಯದು. ಗೋದಾಮಿನ ಯಜಮಾನರು ಎದ್ದು ನಿಂತು ತಮ್ಮ ಆರು ಫೋಟೋ ತೋರಿಸುತ್ತಾರೆ. ವರ್ಷಗಟ್ಟಲೆಯಿಂದ ಜಾಗ ಪಾಳುಬಿದ್ದಿದೆ, ತಕರಾರು ಒಂದೂ ಇಲ್ಲ ಎನ್ನುತ್ತಾರೆ. ಅಧ್ಯಕ್ಷೆ ಹಿಂದೆ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವರು, ಫೋಟೋ ಮತ್ತು ವರದಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಫೋಟೋದಲ್ಲಿ ನರಪಿಳ್ಳೆ ಇಲ್ಲ, ವರದಿಯಲ್ಲಿ ನೂರಕ್ಕೂ ಹೆಚ್ಚು ಗಾಡಿಗಳಿವೆ, ಎರಡರಲ್ಲಿ ಯಾವುದು ಸುಳ್ಳು ಎಂದು ಬಾಗಿಲ ಕಡೆಗೆ ತಿರುಗಿ ಕೇಳುತ್ತಾರೆ.

ಟೇಪಕ್ಕ ಎದ್ದು ನಿಲ್ಲುತ್ತಾರೆ.

“ಎರಡೂ ನಿಜ ಮೇಡಂ. ಫೋಟೋ ತೆಗೆದಿರೋದು ಹನ್ನೊಂದು ಗಂಟೆಗೆ, ನೆರಳು ನೋಡಿದ್ರೆ ಗೊತ್ತಾಗುತ್ತೆ. ಅಷ್ಟೊತ್ತಿಗೆ ಆ ಜನ ಗುಡಿಸಿ ಹೋಗಿರ್ತಾರೆ. ಕಸ ಬಿಟ್ಟು ಹೋಗೋ ಜನ ಆಗಿದ್ರೆ ಇಲ್ಲಿ ಯಾರೋ ಇದ್ದಾರೆ ಅಂತ ಎಲ್ರಿಗೂ ತಿಳೀತಿತ್ತು. ಚೊಕ್ಕಟ ಇಟ್ಟಿದ್ದಕ್ಕೆ ಅವರು ಲೆಕ್ಕಕ್ಕೇ ಸಿಗ್ದೆ ಹೋದ್ರು.”

ಸದಸ್ಯರೊಬ್ಬರು, ಮೂವತ್ತು ದಿನದ ಗಡುವು ಮೀರಿದೆ, ವರದಿಯನ್ನು ತಕರಾರು ಎಂದು ಪರಿಗಣಿಸಲಾಗದು ಎಂದು ಕೊಕ್ಕೆ ಹಾಕುತ್ತಾರೆ. ಅಧ್ಯಕ್ಷೆ ಅದನ್ನು ಒಪ್ಪುತ್ತಾರೆ. ಆದರೆ ಕಣ್ಣಾರೆ ನೋಡಲು ಗಡುವೇನಿಲ್ಲವಲ್ಲ, ಮುಂದಿನ ಮಂಗಳವಾರ ಬೆಳಿಗ್ಗೆ ಐದೂವರೆಗೆ ಎಲ್ಲರೂ ಬಯಲಿಗೆ ಬನ್ನಿ ಎಂದು ಫೈಲು ಮುಚ್ಚುತ್ತಾರೆ. ಐದೂವರೆ ಎಂದದ್ದೇ ತಡ, ಇಬ್ಬರಿಗೆ ಕೆಮ್ಮು ಶುರುವಾಗುತ್ತದೆ.

ಏಳರಲ್ಲಿ ನಾಲ್ಕು ಜನ ಬರುತ್ತಾರೆ. ಒಬ್ಬರ ಕಾರು ಗಾಡಿಗಳ ನಡುವೆ ಸಿಕ್ಕಿಹಾಕಿಕೊಂಡು ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಲ್ಲುತ್ತದೆ. ಕೊನೆಗೆ ಅವರು ಇಳಿದು ನಡೆದೇ ಬರುತ್ತಾರೆ. ಅಧ್ಯಕ್ಷೆ ಸೊಪ್ಪಿನಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನೀರು ಎಲ್ಲಿಂದ ತರುತ್ತೀರಿ, ಬೆಳಕಿಗೆ ಏನು ಮಾಡುತ್ತೀರಿ ಎಂದೆಲ್ಲ ವಿಚಾರಿಸುತ್ತಾರೆ. ಅಜ್ಜಿ ಕೈ ನಿಲ್ಲಿಸದೆ ಉತ್ತರ ಕೊಡುತ್ತಾರೆ. ಗೋದಾಮಿನ ಯಜಮಾನರೂ ಬಂದಿದ್ದಾರೆ. ಬಯಲಿನ ಅಂಚಿನಲ್ಲಿ ಒಂದೇ ಸಮನೆ ನಿಂತು ನೋಡುತ್ತಾರೆ. ಇಪ್ಪತ್ತೆರಡು ವರ್ಷದಿಂದ ಪಕ್ಕದಲ್ಲೇ ಇದ್ದೇನೆ, ಆದರೆ ನನ್ನ ಷಟರು ಏಳುವುದು ಹತ್ತು ಗಂಟೆಗೆ, ಇವರನ್ನು ನಾನು ಕಂಡೇ ಇರಲಿಲ್ಲ ಎಂದು ನನ್ನ ಬಳಿ ಹೇಳುತ್ತಾರೆ. ಆ ಮಾತಿನಲ್ಲಿ ನಾಟಕ ನನಗೆ ಕಾಣಲಿಲ್ಲ.

ಮೂರು ವಾರದ ನಂತರ ಆದೇಶ ಹೊರಬೀಳುತ್ತದೆ. ಬಯಲು ಸಾರ್ವಜನಿಕ ಬಳಕೆಯಲ್ಲೇ ಉಳಿಯುತ್ತದೆ. ಬೆಳಿಗ್ಗೆ ಎಂಟರಿಂದ ಸಂಜೆಯವರೆಗೆ ಲಾರಿಗಳು ನಿಲ್ಲಬಹುದು. ಬಡಾವಣೆಯ ಅಭಿವೃದ್ಧಿ ಯೋಜನೆಗೆ ಎರಡು ನಲ್ಲಿ, ಮೂರು ದೀಪದ ಕಂಬ ಸೇರಿಸಬೇಕು. ಈ ಸುದ್ದಿ ಬಯಲಿಗೆ ಮುಟ್ಟಿದ ಬೆಳಿಗ್ಗೆ ನಾನೂ ಅಲ್ಲಿದ್ದೆ. ಯಾರೋ ದೊಡ್ಡವರು ಕಣ್ಣು ಬಿಟ್ಟರು ಎಂದು ಗಾಡಿಯವರೆಲ್ಲ ಮಾತಾಡಿಕೊಳ್ಳುತ್ತಿದ್ದರು. ದೀಪದ ಕಂಬಕ್ಕೆ ಜಾಗ ಗುರುತಿಸಲು ಟೇಪು ಎಳೆಯುತ್ತಿದ್ದ ಹೆಂಗಸಿಗೆ, ಸ್ವಲ್ಪ ಸರಿಯಮ್ಮ, ಗಾಡಿ ಬರ್ತಿದೆ ಎಂದು ಒಬ್ಬ ಹೇಳಿದ. ಟೇಪಕ್ಕ ಸರಿದು ನಿಂತರು.

ನನಗೆ ಮಾತ್ರ ಸುಮ್ಮನಿರಲಾಗಲಿಲ್ಲ. ಆದೇಶದ ಪ್ರತಿಯನ್ನು ಅವರ ಮುಂದೆ ಹಿಡಿದೆ. ಅಧ್ಯಕ್ಷೆಯ ಹೆಸರಿದೆ, ಸದಸ್ಯರ ಹೆಸರುಗಳಿವೆ, ಬರಲಾರದೆ ಕೆಮ್ಮಿದವರ ಹೆಸರುಗಳೂ ಇವೆ. ನಿಮ್ಮ ಹೆಸರೆಲ್ಲಿ ಎಂದು ಕೇಳಿದೆ. ಅವರು ಕಾಗದ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ಎರಡನೆಯ ಪುಟದ ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಸದರಿ ಜಾಗವು ಪ್ರತಿದಿನ ಬೆಳಿಗ್ಗೆ ನಾಲ್ಕೂವರೆಯಿಂದ ಏಳೂ ಮುಕ್ಕಾಲರವರೆಗೆ ಬಳಕೆಯಲ್ಲಿರುತ್ತದೆ’ ಎಂದಿತ್ತು ಅಲ್ಲಿ.

“ನಮ್ಮ ವರದಿ ಫಾರಮ್ಮಲ್ಲಿ ತಾರೀಕು ಬರೆಯೋಕೆ ಒಂದು ಕಾಲಂ ಇದೆ, ಗಂಟೆ ಬರೆಯೋಕೆ ಇಲ್ಲ. ಮೂವತ್ತೊಂದು ವರ್ಷದಲ್ಲಿ ಆದೇಶದೊಳಗೆ ಗಂಟೆ ಬಂದಿದ್ದು ನಾನು ನೋಡಿರ್ಲಿಲ್ಲ,” ಎಂದು ಅವರು ಆ ಸಾಲನ್ನು ಇನ್ನೊಮ್ಮೆ ಓದಿಕೊಂಡು ಕಾಗದ ವಾಪಸು ಕೊಟ್ಟರು. “ನನ್ನ ಹೆಸರು ತಗೊಂಡು ಏನ್ಮಾಡ್ತೀರಾ ಬಿಡಿ. ಇವರ ಹೊತ್ತು ಬಂದಿದೆಯಲ್ಲ.”