ಗಾಳಿಯೊಳಗಿನ ಬ್ರೇಕು

ತಮ್ಮಾ, ಇದು ನಿನಗಂತಲೇ ಬರೆದದ್ದು, ಉಳಿದವರೂ ಓದಲಿ.

ಮೊನ್ನೆ ಪಾರ್ವತಿನಗರದ ಮನೆಯಲ್ಲಿ ಮೊಮ್ಮಗಳು ಮೊಬೈಲಿನಲ್ಲಿ ಕಾರು ರೇಸಿನ ಆಟ ಆಡುತ್ತಿದ್ದಳು. ಕಾರು ದಿಬ್ಬದಿಂದ ಮೇಲಕ್ಕೆ ಹಾರಿತು. ಅವಳು ಬ್ರೇಕು ಒತ್ತಿದಳು.

“ಗಾಳ್ಯಾಗ ಬ್ರೇಕು ಯಾಕವ್ವ?” ಅಂದೆ.

“ಒತ್ತಿದ್ರ ಮೂತಿ ಕೆಳಗ ಬಾಗ್ತೈತಿ ಅಜ್ಜಿ. ಗ್ಯಾಸ್ ಕೊಟ್ರ ಮೇಲಕ್ಕ ಏಳ್ತೈತಿ.”

ನನಗೆ ನಂಬಿಕೆ ಬರಲಿಲ್ಲ. ಹಾರಿದ ಗಾಡಿ ತನ್ನ ಮಾತು ಕೇಳುತ್ತದೆ ಅಂದವರನ್ನು ನಾನು ಮೊದಲೇ ಕಂಡಿದ್ದೇನೆ.

ನಮ್ಮ ಸೋದರಮಾವ ಸಿರುಗುಪ್ಪದಿಂದ ಕೆಂಚನಗುಡ್ಡಕ್ಕೆ ಬಾಡಿಗೆ ಜೀಪು ಓಡಿಸುತ್ತಿದ್ದ. ಒಳಗೆಲ್ಲ ಡೀಸೆಲ್ಲು, ಎಲೆ ಅಡಿಕೆ, ಭತ್ತದ ಹೊಟ್ಟಿನ ವಾಸನೆ. ಕಾಲುವೆ ಸೇತುವೆಯ ಉಬ್ಬು ಬಂತೆಂದರೆ ಮಾವ ಕೂಗುತ್ತಿದ್ದ: “ಎಲ್ಲಾರೂ ಹಿಂದಕ್ಕ ವಾಲ್ರಿ. ಮೂತಿ ಎತ್ತಿದ್ರ ಗಾಡಿ ನನ್ನ ಮಾತು ಕೇಳ್ತೈತಿ.” ಹಿರಿಯರು ಕಣ್ಣು ಮುಚ್ಚಿ, ಪೂಜೆಗೆ ಕೂತವರ ಹಾಗೆ ವಾಲುತ್ತಿದ್ದರು.

ಒಂದು ದಿನ ಅವ್ವನ ಮಡಿಲಲ್ಲಿ ನೀನಿದ್ದೆ, ಎಳೆಗೂಸು. ನಿನಗೇನಾದರೂ ಆದೀತೆಂದು ನಾನು ಕಣ್ಣು ಮುಚ್ಚದೆ ಮಾವನನ್ನೇ ನೋಡುತ್ತಿದ್ದೆ. ಜೀಪು ನೆಲ ಬಿಟ್ಟಿತು. ಮಾವನೂ ಕಣ್ಣು ಮುಚ್ಚಿಕೊಂಡಿದ್ದ.

ಇಳಿದ ಮೇಲೆ ಅವ್ವನ ಕಿವಿಯಲ್ಲಿ ಹೇಳಿದೆ. ಅವ್ವ ನಿನ್ನ ಕುಲಾವಿ ಸರಿ ಮಾಡುತ್ತ, “ಗೊತ್ತೈತಿ, ಸುಮ್ನಿರು. ಅದಕ್ಕ ನಾ ಯಾವತ್ತೂ ವಾಲಂಗಿಲ್ಲ, ಕೂಸಿನ್ನ ಹಿಡಕೊಂತೀನಿ” ಅಂದಳು.

ಮೊಮ್ಮಗಳ ಕಾರು ಮತ್ತೆ ಹಾರಿತು. ನಾನು ಪರದೆ ನೋಡಲಿಲ್ಲ, ಅವಳ ಮುಖ ನೋಡಿದೆ. ಕಣ್ಣು ತೆರೆದೇ ಇದ್ದವು.

“ಅಜ್ಜಿ, ರೆಟ್ಟಿ ಬಿಡು, ಆಟ ಕೆಡ್ತೈತಿ” ಅಂದಳು.

ಗಾಲಿ ನೆಲ ಮುಟ್ಟುವ ತನಕ ನಾನು ಅವಳ ತೋಳು ಬಿಡಲಿಲ್ಲ.