ನಾಲ್ಕು ನಿಮಿಷ ಮೊದಲೇ ಕೂಗಿದ ಸೈರನ್

ನಂಬುವುದು, ಬಿಡುವುದು ನಿಮಗೆ ಸೇರಿದ್ದು. ಕಂಪ್ಯೂಟರ್ ಸೈನ್ಸ್ ಓದಿದವಳು ನಾನು; ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚು ಬರೆದಿಲ್ಲ.

ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ರಂಜಾನ್ ತಿಂಗಳು ಪೂರ್ತಿ, ಬೆಳಗಿನ ಜಾವದ ಸಹರಿ ಊಟದ ಹೊತ್ತು ಮುಗಿಯಿತೆಂದು ತಿಳಿಸಲು ಸೈರನ್ ಕೂಗುತ್ತದೆ. ಆಮೇಲೆ ಸಂಜೆಯವರೆಗೆ ರೋಜಾ, ಅಂದರೆ ಉಪವಾಸ; ಗುಟುಕು ನೀರೂ ಇಲ್ಲ. ಅದಕ್ಕೆ ಹಳೆಯದೊಂದು ಲಿನಕ್ಸ್ ಕಂಪ್ಯೂಟರ್ ಜೋಡಿಸಿಕೊಟ್ಟವಳು ನಾನೇ. ಆ ವರ್ಷ ಅದು ದಿನಾ ನಾಲ್ಕು ನಿಮಿಷ ಮೊದಲೇ ಕೂಗತೊಡಗಿತು.

ಸೈರನ್ ಕೋಣೆ ನೋಡಿಕೊಳ್ಳುವ ಖಾಸಿಂ ಚಾಚಾಗೆ ಚಿಂತೆಯೇ ಇರಲಿಲ್ಲ. "ತಡಾ ಆಗಿದ್ರ ರೋಜಾ ಕೆಡತಿತ್ತು. ಜಲ್ದಿ ಆದ್ರ ಯಾರ ಗಂಟ ಏನ್ ಹೋಗತೈತಿ, ಬೇಟಿ?"

ಹೋಗುತ್ತಿದ್ದುದು ನಮ್ಮ ದಾದಿಯ, ಅಂದರೆ ಅಪ್ಪನ ಅಮ್ಮನ ಜೀವ. ನಿಧಾನಕ್ಕೆ ಉಂಡು, ಕೊನೆಯ ಗುಟುಕು ನೀರಿಗೆ ಬಿಪಿ ಗುಳಿಗೆ ನುಂಗುವವಳು ಅವಳು. ಸೈರನ್ ಕೇಳಿದ್ದೇ ಗುಳಿಗೆ ಕೆಳಗಿಡುತ್ತಿದ್ದಳು. ನನ್ನ ಕೈಗಡಿಯಾರ ತೋರಿಸಿದರೂ ಒಪ್ಪುತ್ತಿರಲಿಲ್ಲ. ಮೂರನೇ ದಿನ ಮಧ್ಯಾಹ್ನ ತಲೆ ತಿರುಗಿ ಬಿದ್ದಳು.

ಅಂದು ರಾತ್ರಿ ನಮ್ಮ ಮನೆಯೆದುರಿನ ಮಾಳಿಗೆಯ ಮೇಲಿನ ಸೈರನ್ ಕೋಣೆಯಲ್ಲಿ ಒಬ್ಬಳೇ ಕುಳಿತೆ. ಸಮಯ ಹೊಂದಿಸುವ ಪ್ರೋಗ್ರಾಂ ಒಂದರ ಬದಲು ಎರಡು ಓಡುತ್ತಿದ್ದವು, ಒಂದನ್ನು ನಿಲ್ಲಿಸಿದೆ. ಒಳಗಿನ ಬ್ಯಾಟರಿ ಬದಲಿಸಿದೆ. ಇಂಟರ್ನೆಟ್ಟಿನಲ್ಲಿ ಸರಿಯಾದ ಹೊತ್ತು ತಿಳಿಸುವ ಟೈಮ್ ಸರ್ವರ್ ಉತ್ತರ ಕೊಟ್ಟಿತು... ವ್ಯತ್ಯಾಸ ಸೆಕೆಂಡಿನ ಸಾವಿರದ ಒಂದು ಭಾಗವೂ ಇಲ್ಲ. ನನ್ನ ಫೋನೂ ಅದೇ ಹೊತ್ತು ತೋರಿಸುತ್ತಿತ್ತು.

ಬೆಳಗಿನ ಜಾವ ಕೋಣೆಯ ತುಂಬ ಸುಟ್ಟ ರಬ್ಬರಿನ ವಾಸನೆ...

ನಾನು ನೋಡುತ್ತಿದ್ದಂತೆಯೇ ಪರದೆಯ ಮೇಲಿನ ಗಡಿಯಾರ ನಾಲ್ಕು ನಿಮಿಷ ಮುಂದಕ್ಕೆ ಹಾರಿತು.

ತಕ್ಷಣ ಸೈರನ್ನಿನ ವೈರು ಕಿತ್ತೆ. ವೈರು ನನ್ನ ಕೈಯಲ್ಲೇ ಇತ್ತು.

ಸೈರನ್ ಕೂಗಿತು.

ಹೆದರಿದೆ, ಸುಳ್ಳು ಹೇಳುವುದಿಲ್ಲ. ಆದರೆ ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ಮಾಳಿಗೆಯ ಅಂಚಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗಿದೆ: "ಇನ್ನೂ ನಾಕು ನಿಮಿಷ ಐತ್ರಿ. ಇದು ಸುಳ್ಳ ಕೂಗಾಕತ್ತೈತಿ. ನೀರು ಕುಡೀರಿ. ದಾದಿ, ಗುಳಿಗಿ ತಗೋ."

ದಾದಿ ಬಾಗಿಲಿಗೆ ಬಂದು ತಲೆ ಎತ್ತಿ ನೋಡಿದಳು. ನಾನು ದನಿ ಎತ್ತಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ. ಗುಳಿಗೆ ನುಂಗಿ, ಖಾಲಿ ಲೋಟ ಎತ್ತಿ ತೋರಿಸಿದಳು.

ದಿನಾ ಅರ್ಧ ನಿಮಿಷಕ್ಕೆ ನಿಲ್ಲುವ ಸೈರನ್ ಅಂದು ನನ್ನ ಜೊತೆ ಪೈಪೋಟಿಗೆ ಬಿದ್ದಂತೆ ಕೂಗುತ್ತಲೇ ಇತ್ತು. ನಾನೂ ಬಿಡಲಿಲ್ಲ. ಕೊನೆಗೆ ನನ್ನ ದನಿ ಉಡುಗಿದ ಕ್ಷಣವೇ ಅದೂ ನಿಂತಿತು... ಫೋನ್ ನೋಡಿದೆ. ಸಹರಿ ಮುಗಿಯುವ ಸರಿಯಾದ ಹೊತ್ತು.

ಗಡಿಯಾರ ಕದಲಿದ್ದಕ್ಕೆ ಕಂಪ್ಯೂಟರಿನ ದಾಖಲೆಯಲ್ಲಿ ಒಂದು ಸಾಲೂ ಇಲ್ಲ. ಮರುದಿನ ಚಾಚಾ, ಹೆಣ್ಣುಮಗಳಿಗೆ ಈ ಉಸಾಬರಿ ಬೇಡವೆಂದು ಕೋಣೆಯ ಕೀಲಿ ಕೇಳಿದರು. ಕೊಡಲಿಲ್ಲ. ಇವತ್ತಿಗೂ ರಂಜಾನಿನ ರಾತ್ರಿಗಳಲ್ಲಿ ಅಲ್ಲಿ ಕೂರುವವಳು ನಾನೇ.

ಆ ಸೈರನ್ನಿಗೆ ಬೆನ್ನು ಮಾಡಿ ಮಾತ್ರ ಕೂರುವುದಿಲ್ಲ.